ಬೀಗರ ಮಹಡಿ

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದಾಗಲೆಲ್ಲ ಮೋಹನ್‌ಬಾಬು ಮಂಚದಿಂದೆದ್ದು ಶರಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಸದ್ದು ಬಾಗಿಲನ್ನು ದಾಟಿ ಹೋದ ಮೇಲೆ ಗುಂಡಿ ಬಿಚ್ಚಿ ಮತ್ತೆ ಕೂರುತ್ತಿದ್ದ. ಅಕ್ಕ ಬಂದು ಬಾಗಿಲು ತಟ್ಟುವ ಹೊತ್ತಿನಲ್ಲಿ ತಾನು ಹೇಗಿರಬೇಕು ಎಂಬುದನ್ನು ಅವನು ಗೌರಿಬಿದನೂರಿನಲ್ಲಿ ಬಸ್ಸು ಹತ್ತುವಾಗಲೇ ನಿರ್ಧರಿಸಿದ್ದ. ಕುರ್ಚಿಯ ಮೇಲೆ ಕುಳಿತಿರಬೇಕು. ಕೈಯಲ್ಲಿ ಪತ್ರಿಕೆ ಇರಬೇಕು. ಮುಖದಲ್ಲಿ ಕೋಪವಿರಬಾರದು, ಕೋಪವಿದ್ದರೆ ಅವಳು ಅದಕ್ಕೆ ಉತ್ತರ ಕೊಡುತ್ತಾಳೆ. ದಣಿವಿರಬೇಕು, ದಣಿವಿಗೆ ಯಾರ ಬಳಿಯೂ ಉತ್ತರವಿಲ್ಲ. ಒಡಹುಟ್ಟಿದವಳ ಮನೆ ಇದೇ ಊರಿನಲ್ಲಿರುವಾಗ ಲಾಡ್ಜಿನಲ್ಲಿ ಇಳಿದುಕೊಂಡೆಯಲ್ಲೋ ಎಂದು ಅವಳು ಸೆರಗನ್ನು ಕಣ್ಣಿಗೊತ್ತಿಕೊಳ್ಳಬೇಕು. ಅವನು ಪತ್ರಿಕೆ ಮಡಿಸಿಟ್ಟು, ಆಮೇಲೆ, ಅವಳಿಗಾಗಿ ಎಂಬಂತೆ, ಏಳಬೇಕು. ಎಲ್ಲವೂ ಹೀಗೆ ಸಿದ್ಧವಾಗಿತ್ತು. ಆದರೆ ರೂಮಿನಲ್ಲಿ ಕುರ್ಚಿ ಇರಲಿಲ್ಲ.

ಹೋಟೆಲ್ ನ್ಯೂ ಚಂದ್ರಲೋಕದ ಮೂರನೆಯ ಮಹಡಿಯ ಆ ರೂಮಿನಲ್ಲಿ ಇದ್ದದ್ದು ಒಂದು ಮಂಚ, ಮಂಚಕ್ಕಿಂತ ಗಿಡ್ಡದಾದ ಹಾಸಿಗೆ, ಕನ್ನಡಿ ಬಿದ್ದುಹೋದ ಕನ್ನಡಿಯ ಚೌಕಟ್ಟು ಮತ್ತು ಪ್ಲಾಸ್ಟಿಕ್ ಕವರಿನೊಳಗಿಟ್ಟು ಜೋಪಾನವಾಗಿ ರಬ್ಬರ್‌ಬ್ಯಾಂಡ್ ಸುತ್ತಿದ ಟೀವಿ ರಿಮೋಟು. ಟೀವಿ ಇರಲಿಲ್ಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತಿತ್ತು. ಕೆಳಗೆ ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಫಲಕವನ್ನು ಹಿತ್ತಾಳೆಯಲ್ಲಿ ಮಾಡಿಸಿ ನಾಲ್ಕೂ ಮೂಲೆಗೆ ತಿರುಪು ಹಾಕಿ ಕೂರಿಸಿದ್ದರು. ಚಿಂತಾಮಣಿಯ ಬಸ್ ನಿಲ್ದಾಣದೆದುರಿನ ಈ ಹೋಟೆಲನ್ನು ಅವನು ಆರಿಸಿಕೊಂಡದ್ದು ಅದರ ಅನುಕೂಲಗಳಿಗಾಗಿ ಅಲ್ಲ. ಈ ಬೀದಿಯಲ್ಲಿ ಭಾವ ವೆಂಕಟರಾಮಪ್ಪನಿಗೆ ಗುರುತಿಲ್ಲದವರಿಲ್ಲ. ಇಲ್ಲಿ ಕೈಚೀಲ ಹಿಡಿದು ಮೆಟ್ಟಿಲು ಹತ್ತಿದವನ ಸುದ್ದಿ ಅವನು ಮೇಲೆ ಮುಟ್ಟುವ ಮೊದಲೇ ಅಕ್ಕನ ಮನೆ ಮುಟ್ಟಬೇಕು. ಹತ್ತುವಾಗ ಅವನು ಬೇಕೆಂದೇ ನಿಂತು ಬೀದಿಗೆ ಮುಖ ತಿರುಗಿಸಿ ಬೆವರು ಒರೆಸಿಕೊಂಡಿದ್ದ. ಹೂವಿನಂಗಡಿಯವನು ಅವನನ್ನು ಚೆನ್ನಾಗಿ ನೋಡಿ, ಸೇವಂತಿಗೆ ಬೇಕೇ ಎಂದು ಕೇಳಿದ್ದ. ಅಷ್ಟೇ.

ಹರಿತಾಳ ಮದುವೆ ನಾಳೆ ಬೆಳಿಗ್ಗೆ. ಇವತ್ತು ಸಂಜೆ ವರಪೂಜೆ. ಹರಿತಾ ಅಕ್ಕನ ಮಗಳು, ಅವನು ಅವಳ ಒಬ್ಬನೇ ಸೋದರಮಾವ. ಹುಡುಗಿಯನ್ನು ಎತ್ತಿಕೊಂಡು ಹಸೆಮಣೆಗೆ ತರಬೇಕಾದವನು ಅವನು. ಅದು ಅಕ್ಕನೂ ಕಿತ್ತುಕೊಳ್ಳಲಾಗದ, ಭಾವನೂ ಕೊಡಲಾಗದ ಹಕ್ಕು ಎಂದು ಅವನು ನಂಬಿದ್ದ. ಅಂಥವನಿಗೆ ಲಗ್ನಪತ್ರಿಕೆ ಬಂದದ್ದು ಫೋನಿನಲ್ಲಿ. ಅಕ್ಕನ ಮಗ ನರೇಂದ್ರ ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ ಕೈಮುಗಿದ ಚಿತ್ರವೊಂದನ್ನು ಹಾಕಿದ್ದ. ಬೆರಳಿನಿಂದ ಎಳೆದು ದೊಡ್ಡದು ಮಾಡಿದರೆ ಅಕ್ಷರಗಳು ಮಸುಕಾಗುತ್ತಿದ್ದವು. ಇದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ. ಆದರೆ ಅಕ್ಕ ಭಾವ ಇಬ್ಬರೂ ಕುಂಕುಮದ ಬಟ್ಟಲು, ಅಕ್ಷತೆ, ಅರಿಶಿನ ಹಚ್ಚಿದ ಪತ್ರಿಕೆ ಹಿಡಿದು ಕಾರಿನಲ್ಲಿ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲ ಸುತ್ತಿದರು. ಭಾವನ ಸ್ನೇಹಿತರೊಬ್ಬರು ಅಲೀಪುರದಲ್ಲಿ ಹರಳಿನ ವ್ಯಾಪಾರಿ, ಅವರ ಮನೆಗೂ ಹೋಗಿ, ಕುಳಿತು, ಶರಬತ್ತು ಕುಡಿದು ಕರೆದರು. ಹಾಗೆ ಹೋಗಿ ಬರುವಾಗ ಗೌರಿಬಿದನೂರನ್ನು ಹಾದು, ಅವನು ಮೇಷ್ಟರಾಗಿರುವ ಶಾಲೆಯ ಮುಂದೆಯೇ ಕಾರು ಹೋಯಿತು. ಡ್ರಿಲ್ ಮೇಷ್ಟರು ಕಣ್ಣಾರೆ ನೋಡಿ ಬಂದು ಹೇಳಿದರು. ‘ನಿಮ್ಮ ಭಾವ ಕೈ ಬೀಸಿದ್ರು’ ಎಂದೂ ಹೇಳಿದರು. ಯಾರಿಗೆ ಎಂದು ಮೋಹನ್‌ಬಾಬು ಕೇಳಲಿಲ್ಲ. ಹೆಂಡತಿ ಶಿರೀಷಾ ಮಾತ್ರ ಈ ಸಂಗತಿಯನ್ನು ಪೂರ್ತಿ ಕೇಳಿಸಿಕೊಂಡು, ಸೀರೆಗೆ ಫಾಲ್ಸ್ ಹಾಕಿಸಿಯಾಗಿದೆ ಎಂದಳು. ‘ರಜೆ ಸಿಗಲಿಲ್ಲ ಅಂತ ಹೇಳಿರ್ತೀನಿ. ಮುನಿಸು ಮುಗಿದ್ರೆ ಬನ್ನಿ’ ಎಂದು ಹೇಳಿ ಮೊನ್ನೆಯೇ ಅಕ್ಕನ ಮನೆ ಸೇರಿದ್ದಳು. ಅವನು ಊರಿಗೆ ಬಂದಿರುವುದು ಅವಳಿಗೂ ತಿಳಿಯದು.

ಕೌಂಟರಿನಲ್ಲಿ ಕುಳಿತಿದ್ದ ಆವುಲಪ್ಪನೆಂಬ ಮ್ಯಾನೇಜರಿಗೂ ಅವನು ಏನೂ ಹೇಳಿರಲಿಲ್ಲ. ಹೇಳುವ ಅವಕಾಶವೇ ಬರಲಿಲ್ಲ.

“ಮದುವೆಯೋರಾ ಸಾರ್?”

“ಹೂಂ.”

“ವೆಂಕಟರಾಮಪ್ಪೋರ ಮಗಳದು?”

“ಹೂಂ.”

“ಹಂಗಂದ್ರೆ ಗಂಡಿನ ಕಡೆ. ಮೂರನೇ ಮಹಡಿ ಪೂರ್ತಿ ಬೀಗರಿಗೇ ಬುಕ್ ಮಾಡವ್ರೆ. ಬೇರೆ ರೂಮು ಒಂದೂ ಇಲ್ಲ.”

ಮೋಹನ್‌ಬಾಬು ಬಾಯಿ ತೆರೆದ. “ಹೆಣ್ಣಿನ ಕಡೆಯೋರು ಲಾಡ್ಜಲ್ಲಿ ಯಾಕ್ ಸಾರ್ ಇಳೀತಾರೆ?” ಎಂದ ಆವುಲಪ್ಪ, ಬೀಗದಕೈ ಮುಂದೆ ತಳ್ಳುತ್ತ. ಮೋಹನ್‌ಬಾಬು ಬೀಗದಕೈ ತೆಗೆದುಕೊಂಡ. “ಗೀಸರ್ ಅದೆ. ನೀರು ಬಿಸಿಯಾದ್ರೆ ನಮಗೂ ಒಂದು ಮಾತು ತಿಳಿಸಿ. ಹೋಗೋವಾಗ ಫೋನಲ್ಲಿ ಸ್ಟಾರ್ ಒತ್ತಿ ಹೋಗಿ ಸಾರ್. ಹೋದ ವಾರ ಒಬ್ಬ ಒಂದೇ ಸ್ಟಾರ್ ಒತ್ತಿ ಹೋದ, ತಿಗಣೆ ಕಚ್ಚಿದ್ವಂತೆ. ಎಲ್ಲಾರ್ಗೂ ಕಚ್ತವೆ. ಎಲ್ಲಾರೂ ಬರೀತಾರಾ?”

ತಾನು ಸುಳ್ಳು ಹೇಳಲಿಲ್ಲ, ಹೂಂ ಅಂದೆ, ಅಷ್ಟೇ ಎಂದು ಮೆಟ್ಟಿಲು ಹತ್ತುವಾಗ ಅವನು ಲೆಕ್ಕ ಸರಿಮಾಡಿಕೊಂಡಿದ್ದ. ಆದರೆ ಈಗ ಮಂಚದ ಮೇಲೆ ಕುಳಿತು ಯೋಚಿಸಿದಾಗ, ಹೂಂ ಅಂದು, ಬೇಕಾದದ್ದನ್ನು ಬಾಯಿಬಿಟ್ಟು ಕೇಳದೆ ಕಾಯುವುದರಲ್ಲಿ ತನಗೊಂದು ಹಳೆಯ ನೈಪುಣ್ಯವಿದೆ ಎನಿಸಿತು. ಅಪ್ಪ ರೇಷ್ಮೆ ಸಾಕುತ್ತಿದ್ದ ಕಾಲ. ಊಟಕ್ಕೆ ತಡವಾಗಿ ಕರೆದರೆಂದೋ, ಮೊದಲು ಅಕ್ಕನಿಗೆ ಬಡಿಸಿದರೆಂದೋ ಅವನು ಹುಳುಮನೆಯಲ್ಲಿ ಗೋಡೆಗೆ ಒರಗಿಸಿಟ್ಟ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹಿಂದೆ ಹೋಗಿ ಕೂರುತ್ತಿದ್ದ. ಯಾರಾದರೂ ಬಂದು ಕರೆಯಲಿ ಎಂದು. ಹುಳುಗಳು ಸೊಪ್ಪು ತಿನ್ನುವ ಸದ್ದಿನಲ್ಲಿ ಅವನ ಹೊಟ್ಟೆಯ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಅಕ್ಕ ಬರುತ್ತಿದ್ದಳು, ಆದರೆ ಕರೆಯುತ್ತಿರಲಿಲ್ಲ. ಮುದ್ದೆಯ ತಟ್ಟೆಯನ್ನು ಬಾಗಿಲ ಬಳಿ ಇಟ್ಟು, ‘ಬೆಕ್ಕಿಗೆ ಇಟ್ಟಿದೀನಿ’ ಎಂದು ಗೋಡೆಗೆ ಹೇಳಿ ಹೋಗುತ್ತಿದ್ದಳು. ಆ ಮುದ್ದೆ ತಿಂದಾಗಲೆಲ್ಲ ತಾನು ಗೆದ್ದೆನೋ ಸೋತೆನೋ ಎಂಬುದು ತಿಳಿಯದೆ ಅವನಿಗೆ ಐವತ್ತು ದಾಟಿತ್ತು.

ಗೋಡೆಯನ್ನು ಆ ಕಡೆಯಿಂದ ಯಾರೋ ಗುದ್ದಿದರು. ಆಮೇಲೆ ಬಾಗಿಲು ತಟ್ಟಿದರು. ಅವನು ಗುಂಡಿ ಹಾಕಿಕೊಂಡು, ಕುರ್ಚಿಯಿಲ್ಲದ್ದರಿಂದ ಕಿಟಕಿಯ ಬಳಿ ನಿಂತು, ಮುಖಕ್ಕೆ ದಣಿವನ್ನು ತಂದುಕೊಂಡು “ಬಾ” ಎಂದ. ಬಂದವರು ಬನಿಯನ್ ತೊಟ್ಟು ಪಂಚೆ ಉಟ್ಟ ದಪ್ಪನೆಯ ಮುದುಕರು.

“ಸ್ವಾಮಿ, ನೀವು ಈಗ ಯಾವುದೋ ಸ್ವಿಚ್ಚು ಆರಿಸಿದ್ರಾ?”

“ಲೈಟು ಅಂತ ಆರಿಸ್ದೆ.”

“ಅದು ನಮ್ಮ ಫ್ಯಾನು. ಹಾಕ್ಬಿಡಿ. ನಿಮ್ಮ ಲೈಟು ಯಾರ ರೂಮಲ್ಲೈತೋ ಹುಡುಕ್ಬೇಕು.” ಮುದುಕರು ತಾವೇ ಮಂಚದ ತುದಿಯಲ್ಲಿ ಕುಳಿತರು. “ನಾನು ಕೋನಪ್ಪ. ಮುಳಬಾಗಲು. ಮದುಮಗನ ದೊಡ್ಡಪ್ಪ. ನೀವು ಹುಡುಗನ ಆಫೀಸ್ನೋರಿರ್ಬೇಕು?”

“ಹೂಂ.”

“ಅನ್ಕೊಂಡೆ. ನಮ್ ಮುಖ ಒಂದೂ ನಿಮಗಿಲ್ಲ.”

ಮಾತು ಮುಂದುವರಿಯುವುದರೊಳಗೆ ಮೆಟ್ಟಿಲ ಕಡೆಯಿಂದ ಒಂದು ಹೆಂಗಸಿನ ಧ್ವನಿ ಬಂತು. ‘ಸ್ವಾಮಿಗಳೇ, ತಿಂಡಿ, ಕಾಫಿ!’ ಮೋಹನ್‌ಬಾಬು ಆ ಧ್ವನಿಯನ್ನು ಕೂಡಲೇ ಗುರುತಿಸಿದ. ಮುನಿಗಂಗಮ್ಮ, ಹರಿತಾ ಹುಟ್ಟುವ ಮೊದಲಿನಿಂದಲೂ ಅಕ್ಕನ ಮನೆಯಲ್ಲಿ ಅಡುಗೆಗೆ ನಿಂತವಳು. ಅವಳು ಈ ರೂಮಿನೊಳಗೆ ಒಂದು ಹೆಜ್ಜೆ ಇಟ್ಟರೆ ಸಾಕು, ಬೆಳಗಿನಿಂದ ಅವನು ಯಾವುದಕ್ಕಾಗಿ ಕಾಯುತ್ತಿದ್ದನೋ ಅದು ನಡೆದುಹೋಗುತ್ತದೆ. ಸುದ್ದಿ ಮನೆಗೆ ಹೋಗುತ್ತದೆ, ಅಕ್ಕ ಬರುತ್ತಾಳೆ, ಅಳುತ್ತಾಳೆ. ಅವನು ಎದ್ದ. ಎದ್ದವನು ನೇರವಾಗಿ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಯಾಕೆಂದು ಅವನಿಗೇ ಹೊಳೆಯಲಿಲ್ಲ. ಸಿಕ್ಕಿಬೀಳುವುದಕ್ಕೂ ಒಂದು ಮರ್ಯಾದೆ ಬೇಕು. ಗಂಡಿನ ಕಡೆಯವರ ಪಾಲಿನ ತಿಂಡಿಯ ಮುಂದೆ ಸಿಕ್ಕಿಬೀಳುವುದು ಬೇರೆ, ತಾನಾಗಿ ಸಿಕ್ಕುವುದು ಬೇರೆ ಎಂದು ತೊಟ್ಟಿಕ್ಕುವ ನಲ್ಲಿಯ ಕೆಳಗೆ ನಿಂತು ಅವನು ತನಗೆ ತಾನೇ ಪಾಠ ಮಾಡಿದ.

“ಇಲ್ಲಿ ಒಬ್ರೇನಾ?” ಮುನಿಗಂಗಮ್ಮ ಕೇಳುತ್ತಿದ್ದಳು.

“ಇಬ್ರು. ಇನ್ನೊಬ್ರು ಒಳಗವ್ರೆ.”

“ಇವ್ರಿಗೆ ಕಾಫಿ ಸಕ್ಕರೆ ಹಾಕಿದ್ದೋ, ಹಾಕದೇ ಇರೋದೋ?”

“ಏನ್ ಸ್ವಾಮಿ, ಸಕ್ಕರೆ ಇರ್ಲೋ ಬೇಡ್ವೋ?” ಎಂದು ಕೋನಪ್ಪ ಬಾಗಿಲು ಬಡಿದರು.

“ಹೂಂ,” ಎಂದ ಮೋಹನ್‌ಬಾಬು, ಗಂಟಲನ್ನು ಆದಷ್ಟು ಕೆಳಗಿಳಿಸಿ.

“ಸರೇ” ಎಂದಳು ಮುನಿಗಂಗಮ್ಮ, ತೆಲುಗಿನಲ್ಲಿ ಆಯಿತೆಂಬಂತೆ. ಲೋಟ ಇಟ್ಟ ಸದ್ದಾಯಿತು, ಹೆಜ್ಜೆಗಳು ದೂರವಾದವು.

ಹೊರಗೆ ಬಂದು ಕುಡಿದರೆ ಕಾಫಿಗೆ ಸಕ್ಕರೆ ಇರಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆಯೆಂಬುದು ಅಕ್ಕನ ಮನೆಯವರಿಗೆ ಮಾತ್ರ ಗೊತ್ತು, ಮುನಿಗಂಗಮ್ಮ ಧ್ವನಿ ಗುರುತಿಸಿದಳೇ ಎಂದು ಅವನು ಲೋಟವನ್ನೇ ನೋಡಿದ. ಕೋನಪ್ಪನವರ ಕಾಫಿಗೂ ಇರಲಿಲ್ಲ. “ಎಲ್ಲಾರ್ಗೂ ಒಂದೇ ತಂದವ್ಳೆ, ಸುಮ್ನೆ ಕೇಳಿದ್ಲು,” ಎಂದರು ಅವರು. ಅವನು ಕೇಸರಿಬಾತನ್ನು ಬದಿಗಿಟ್ಟು ಉಪ್ಪಿಟ್ಟು ತಿಂದ. ಅಕ್ಕನ ಮನೆಯ ಉಪ್ಪಿಟ್ಟೇ. ಅಲ್ಲಿ ಕೂತು ತಿನ್ನಬೇಕಾದವನು ಇಲ್ಲಿ ಬೀಗರ ಲೆಕ್ಕದಲ್ಲಿ ತಿಂದ.

“ಆದ್ರೂ ನೋಡಿ,” ಎಂದರು ಕೋನಪ್ಪ, ಬಾಯಿ ತುಂಬಿಕೊಂಡು, “ಹೆಣ್ಣಿನ ಕಡೆಯೋರು ಒಳ್ಳೆಯೋರೇ. ಒಂದೇ ಕೊರತೆ. ಹುಡುಗಿ ಸೋದರಮಾವ ಬಂದಿಲ್ವಂತೆ.”

ಅವನ ಕೈ ತಟ್ಟೆಯ ಮೇಲೆಯೇ ನಿಂತಿತು. “ರಜೆ ಸಿಕ್ಕಿರ್ಲಿಕ್ಕಿಲ್ಲ.”

“ಯಾವ ರಜೆ? ಮೇಷ್ಟ್ರಂತೆ ಕಣ್ರೀ, ಅವ್ರಿಗೆ ರಜೆಗೇನು ಬರ. ಮುನಿಸ್ಕೊಂಡವ್ನಂತೆ! ಯಾಕೆ ಅಂತೀರ, ವಾಟ್ಸಾಪಲ್ಲಿ ಕರೆದ್ರು ಅಂತ! ನಮ್ ಕಾಲದಲ್ಲಿ ಜಮೀನಿಗೆ ಮುನಿಸ್ಕೋತಿದ್ರು, ಬಾವಿ ನೀರಿಗೆ ಮುನಿಸ್ಕೋತಿದ್ರು. ಇವ್ನು ಮೊಬೈಲಿಗೆ ಮುನಿಸ್ಕೊಂಡವ್ನೆ.”

“ಯಾರು ಹೇಳಿದ್ರು?”

“ಅವ್ನ ಹೆಂಡ್ತಿನೇ! ಬೆಳಿಗ್ಗೆ ಛತ್ರದ ಅಡುಗೆಮನೇಲಿ ನಗ್ತಾ ಹೇಳ್ತಿದ್ಲಂತೆ, ನಮ್ಮೋಳು ಕೇಳಿಸ್ಕೊಂಡು ಬಂದ್ಲು. ನಾಳೆ ಅವ್ನು ಬರದಿದ್ರೆ ಹುಡುಗೀನ ಎತ್ತೋಕೆ ಮಧುಸೂದನ್ ಅಂತ ಯಾರೋ ದೂರದೋನ್ಗೆ ಹೇಳಿಟ್ಟವ್ರಂತೆ. ಜಿಮ್ಮಿಗೆ ಹೋಗೋ ಹುಡುಗನಂತೆ. ಹುಡುಗಿಗೂ ವಾಸಿ, ಬೀಳ್ಸಲ್ಲ. ಅಂಥ ಸೋದರಮಾವ ಬಂದ್ರೆಷ್ಟು ಬಿಟ್ರೆಷ್ಟು, ಏನಂತೀರಿ?”

“ಹೂಂ,” ಎಂದ ಮೋಹನ್‌ಬಾಬು.

ಕೋನಪ್ಪ ಕೈ ತೊಳೆಯಲು ಹೋದ ಮೇಲೆ ಆ ಕೊನೆಯ ಹೂಂ ರೂಮಿನಲ್ಲೇ ಉಳಿಯಿತು. ಅವನು ಈವರೆಗೆ ಎಷ್ಟೋ ಜನರ ವಿರುದ್ಧ ಹೂಂ ಅಂದಿದ್ದ, ತನ್ನ ವಿರುದ್ಧ ಅಂದದ್ದು ಇದೇ ಮೊದಲು. ಹಾಗಾದರೆ ಎಲ್ಲರಿಗೂ ಗೊತ್ತಿದೆ. ಮನೆಯೊಳಗೆ ಉಸಿರು ಬಿಗಿಹಿಡಿದು ಅವನ ದಾರಿ ಕಾಯುತ್ತಿದ್ದಾರೆ ಎಂದು ಅವನು ಕಲ್ಪಿಸಿಕೊಂಡಿದ್ದ ಹೊತ್ತಿನಲ್ಲಿ ಅವರು ತೆಂಗಿನಕಾಯಿ ತುರಿಯುತ್ತ ನಗುತ್ತಿದ್ದರು. ಮಧುಸೂದನ್ ಯಾರೆಂದು ನೆನಪು ಮಾಡಿಕೊಂಡ. ಭಾವನ ಕಡೆಯ ಯಾರದೋ ಮಗ, ತೋಳಿನ ಮೇಲೆ ಹಚ್ಚೆ ಇರುವವನು. ಹರಿತಾ ಮೂರು ವರ್ಷದವಳಿದ್ದಾಗ ಅಂಬಾಜಿದುರ್ಗದ ಬೆಟ್ಟ ಹತ್ತುವಾಗ ಅರ್ಧಕ್ಕೇ ಕಾಲು ನೋವೆಂದು ಕೂತಳು. ಭಾವ ಗದರಿದ, ಅಕ್ಕ ಮುಂದೆ ನಡೆದಳು. ಇವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಅವಳು ಅವನ ಎರಡೂ ಕಿವಿಗಳನ್ನು ಹಿಡಿದುಕೊಂಡು, ಬಲಕ್ಕೆ ಬೇಕಾದರೆ ಬಲಗಿವಿ, ಎಡಕ್ಕೆ ಬೇಕಾದರೆ ಎಡಗಿವಿ ಎಳೆಯುತ್ತ ತುದಿಯವರೆಗೂ ಅವನನ್ನು ನಡೆಸಿದ್ದಳು. ನಾಳೆ ಅವಳು ಹಚ್ಚೆಯ ತೋಳಿನ ಮೇಲೆ ಬರುತ್ತಾಳೆ. ಫೋಟೊದಲ್ಲಿ ಹಚ್ಚೆ ಚೆನ್ನಾಗಿ ಕಾಣುತ್ತದೆ. ಹಾಗೆ ಆದರೆ ಅವಳು ಅದನ್ನು ಜೀವಮಾನವಿಡೀ ಆಲ್ಬಮ್ಮಿನಲ್ಲಿ ನೋಡುತ್ತಾಳೆ, ಪ್ರತಿಸಲವೂ ಪಕ್ಕದವರು ಇವರು ಯಾರು ಎಂದು ಕೇಳುತ್ತಾರೆ.

ಫೋನು ತೆಗೆದ. ತಾನೇ ಅಕ್ಕನಿಗೆ ಮಾಡಬಹುದು. ಮಾಡಿ ಏನೆನ್ನುವುದು? ಬಂದಿದ್ದೇನೆ ಎನ್ನುವುದೇ? ಕರೆಯದೆ ಬಂದೆಯಾ ಎಂದು ಅವಳು ಕೇಳಿದರೆ? ಅವಳು ಹಾಗೆ ಕೇಳುವವಳಲ್ಲ. ಆದರೆ ಕೇಳಬಹುದಾದ ಪ್ರಶ್ನೆಯೊಂದು ಅಲ್ಲಿದೆ ಎಂಬುದೇ ಅವನ ಕೈಯನ್ನು ತಡೆಯಿತು. ಫೋನನ್ನು ಜೇಬಿಗಿಟ್ಟ. ಪಂಚೆ, ಟವೆಲು, ನಾಳೆಗೆಂದು ಇಸ್ತ್ರಿ ಮಾಡಿಸಿ ತಂದಿದ್ದ ರೇಷ್ಮೆಯ ಶರಟು ಎಲ್ಲವನ್ನೂ ಕೈಚೀಲಕ್ಕೆ ತುರುಕಿದ. ಗೌರಿಬಿದನೂರಿಗೆ ಸಂಜೆಯ ಬಸ್ಸು ಇನ್ನೂ ಇತ್ತು. ಯಾರಿಗೂ ಕಾಣದೆ ಬಂದವನು ಯಾರಿಗೂ ಕಾಣದೆ ಹೋದರೆ, ಬಂದೇ ಇಲ್ಲ ಎನ್ನಲು ಅಡ್ಡಿಯಿಲ್ಲ. ಮುನಿಸಾದರೂ ಕೆಡದೆ ಉಳಿಯುತ್ತದೆ. ಚಿಲಕಕ್ಕೆ ಕೈ ಹಾಕಿದ.

ಆಗ ಬೀದಿಯಲ್ಲಿ ಡೋಲಿನ ಪೆಟ್ಟು ಬಿತ್ತು. ಅದರ ಹಿಂದೆಯೇ ನಾಗಸ್ವರ. ಬೀಗರನ್ನು ಛತ್ರಕ್ಕೆ ಎದುರುಗೊಂಡು ಕರೆದೊಯ್ಯಲು ಹೆಣ್ಣಿನ ಮನೆಯವರು ವಾಲಗದೊಂದಿಗೆ ಬಂದಿದ್ದರು. ಸೀರೆಗಳ ಸರಬರ ಮೆಟ್ಟಿಲೇರಿ ಮೂರನೆಯ ಮಹಡಿಗೆ ಬಂತು. ಮೊದಲ ಬಾಗಿಲು ತಟ್ಟಿದ ಸದ್ದಾಯಿತು.

“ಬೀಗರು ದಯಮಾಡಿಸ್ಬೇಕು. ವಾಲಗದೋರು ಬಂದವ್ರೆ.”

ಅಕ್ಕನ ಧ್ವನಿ. ಬೆಳಗಿನಿಂದ ಕೂಗಿ ಕೂಗಿ ಒಡೆದಿತ್ತು. ಪ್ರತಿ ಬಾಗಿಲಿನಲ್ಲೂ ಅವಳು ಅದನ್ನೇ ಹೇಳುತ್ತ, ಒಳಗಿನವರ ಕೈಗೆ ಅಕ್ಷತೆ ಹಾಕುತ್ತ ಬರುತ್ತಿದ್ದಳು. ಸಂಪೂರ್ಣ ಕ್ರಮಬದ್ಧವಾಗಿ, ಮನೆಬಾಗಿಲಿಗೆ ಬಂದು, ಅಕ್ಷತೆ ಹಿಡಿದು, ಬಹುವಚನದಲ್ಲಿ ಕರೆಯುವ ಅಕ್ಕ ಇನ್ನು ಮೂರು ಬಾಗಿಲು ದೂರದಲ್ಲಿದ್ದಳು. ಎರಡು ಬಾಗಿಲು. ಕೋನಪ್ಪನವರ ಬಾಗಿಲು. ‘ಬಂದ್ವಿ ಕಣಮ್ಮ, ಪೇಟ ಸುತ್ಕೊಂಡು ಬಂದ್ವಿ.’ ಅವನ ಬಾಗಿಲು.

“ಬೀಗರು ದಯಮಾಡಿಸ್ಬೇಕು.”

ಅವಳು ಮತ್ತೆ ತಟ್ಟಿದಳು. “ಅವ್ರು ನಮ್ಮ ಹುಡುಗನ ಆಫೀಸ್ನೋರು. ಸ್ವಲ್ಪ ನಾಚಿಕೆ,” ಎಂದು ಕೋನಪ್ಪ ವಿವರಿಸಿದರು. ಮೋಹನ್‌ಬಾಬು ಚಿಲಕ ತೆಗೆದ. ಗುಂಡಿ ಹಾಕಿಕೊಳ್ಳುವುದನ್ನು ಮರೆತ.

ಅಕ್ಕ ಅಶ್ವತ್ಥಮ್ಮ ಅವನನ್ನು ನೋಡಿದಳು. ಕೈಚೀಲವನ್ನು ನೋಡಿದಳು. ಅವಳ ಹಿಂದೆ ಮಹಡಿಯ ಉದ್ದಕ್ಕೂ ಗಂಡಿನ ಕಡೆಯವರು ಪೇಟ, ಸೀರೆ ಸರಿಮಾಡಿಕೊಳ್ಳುತ್ತ ನಿಂತು ಈ ಕಡೆಗೇ ನೋಡುತ್ತಿದ್ದರು. ಅವಳ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಬೆಳಗಿನಿಂದ ಆಶ್ಚರ್ಯಪಡಲು ಅವಳಿಗೆ ಬಿಡುವಿರಲಿಲ್ಲವೋ, ಇಲ್ಲಾ ಮೊದಲೇ ತಿಳಿದಿತ್ತೋ, ಅವನಿಗೆ ಗೊತ್ತಾಗಲಿಲ್ಲ. ತಟ್ಟೆಯಿಂದ ಅಕ್ಷತೆ ಎತ್ತಿದ್ದ ಬೆರಳುಗಳು ಗಾಳಿಯಲ್ಲೇ ನಿಂತಿದ್ದವು.

“ಬೀಗರಿಗೆಲ್ಲ ಕಾಫಿ ಸಿಕ್ತೇನೋ?” ಎಂದಳು.

ಅವನ ಬಾಯಿಗೆ ಹೂಂ ಕೂಡ ಬರಲಿಲ್ಲ.

“ನಮ್ ತಮ್ಮ,” ಎಂದು ಅವಳು ಕೋನಪ್ಪನವರ ಕಡೆ ತಿರುಗಿದಳು. “ಬೀಗರಿಗೆ ಏನೂ ಕಮ್ಮಿ ಆಗ್ಬಾರ್ದು, ಮನೆಯೋನೊಬ್ಬ ಇಲ್ಲೇ ಇದ್ದು ನೋಡ್ಕೊಳ್ಲಿ ಅಂತ ನಾನೇ ಇರಿಸಿದ್ದೆ. ಹೇಳ್ಕೊಳ್ಳೋ ಸ್ವಭಾವ ಅಲ್ಲ ಇವಂದು. ಸುಮ್ನೆ ಕೂತಿರ್ತಾನೆ.”

ಕೋನಪ್ಪ ಪೇಟವನ್ನು ತೆಗೆದು ಮತ್ತೆ ಇಟ್ಟುಕೊಂಡರು. “ಅಲ್ಲಾ... ಸೋದರಮಾವ್ನಾ? ಏನೋ ಮುನಿಸು ಅಂತ...”

“ಮುನಿಸಾ? ನಮ್ಮನೇಲಿ ಯಾರಿಗಿದೆ ಬೀಗರೇ ಪುರುಸೊತ್ತು, ಮುನಿಸ್ಕೊಳ್ಳೋಕೆ?”

ಸುತ್ತ ನಗು ಎದ್ದಿತು. ಕೋನಪ್ಪನವರೂ ನಕ್ಕು, ನಗುವನ್ನು ಬೇಗ ಮುಗಿಸಿ, “ಫ್ಯಾನ್ ಚೆನ್ನಾಗಿ ನೋಡ್ಕೊಂಡ್ರು ಕಣಮ್ಮ,” ಎಂದು ಸಾಕ್ಷಿ ಹೇಳಿ ಮೆಟ್ಟಿಲ ಕಡೆ ಸರಿದರು. ಮೋಹನ್‌ಬಾಬು ಅವಕಾಶ ಸಿಕ್ಕಿತೆಂದು ಬಲಗೈಯನ್ನು ಮುಂದೆ ಚಾಚಿದ, ಅಂಗೈ ಮೇಲೆ ಮಾಡಿ. ಅಕ್ಷತೆಗಾಗಿ. ಅಷ್ಟಾದರೂ ಆಗಲಿ ಎಂದು.

ಅವಳು ಚಾಚಿದ ಕೈಯನ್ನು ನೋಡಿದಳು, ಧ್ವನಿ ತಗ್ಗಿಸಿ ತೆಲುಗಿಗೆ ಇಳಿದಳು. “ಏಮಿರಾ ಇದಿ?” ಆಮೇಲೆ ಕನ್ನಡದಲ್ಲಿ, “ಇದೇನೋ ಇದು? ಮನೆಯೋರಿಗೆ ಯಾರಾದ್ರೂ ಅಕ್ಷತೆ ಕೊಡ್ತಾರೇನೋ? ಇಟ್ಕೋ ಇದನ್ನ,” ಎಂದು ಇಡೀ ತಟ್ಟೆಯನ್ನೇ ಅವನ ಕೈಗೆ ಕೊಟ್ಟಳು. “ನನ್ ಗಂಟಲು ಬಿದ್ದೋಯ್ತು. ಆ ಕಡೆ ಸಾಲು ನೀನು ಕರಿ. ಮುಖ ತೊಳ್ಕೊಂಡು ಕರಿ. ನಿಧಾನಕ್ಕೆ ಬಗ್ಗು, ಸೊಂಟ ಹಿಡ್ಕೊಂಡ್ರೆ ನಾಳೆ ಅವ್ಳನ್ನ ಎತ್ತೋರ್ಯಾರು?”

“ಮಧುಸೂದನ್?”

“ಅವ್ನಿಗೆ ಜನರೇಟರ್ ನೋಡ್ಕೊಳ್ಳೋಕೆ ಹೇಳಿದೀನಿ.” ಅವಳು ಆಗಲೇ ತಿರುಗಿ, ಬೀಗಿತ್ತಿಯೊಬ್ಬಳ ಸೆರಗಿಗೆ ಪಿನ್ನು ಹಾಕುತ್ತಿದ್ದಳು.

ಅವನು ಮುಖ ತೊಳೆದುಕೊಂಡು ಬಂದು ಎದುರು ಸಾಲಿನ ಮೊದಲ ಬಾಗಿಲನ್ನು ತಟ್ಟಿದ. ಯಾರೋ ಮುದುಕಿ ತೆರೆದಳು. “ಬೀಗರು ದಯಮಾಡಿಸಬೇಕು,” ಎಂದ. ಶಾಲೆಯಲ್ಲಿ ಹಾಜರಿ ಕರೆಯುವ ಧ್ವನಿ ಬಂತು. ಎರಡನೆಯ ಬಾಗಿಲಿನಲ್ಲಿ ಅದನ್ನು ತಿದ್ದಿಕೊಂಡ. ಮೂರನೆಯದರಲ್ಲಿ ಚಾಚಿದ ಅಂಗೈಗಳು ಎಷ್ಟೊಂದು ಬಂದವೆಂದರೆ ಅವನು ಚಿಟಿಕೆಯನ್ನು ಚಿಕ್ಕದು ಮಾಡಬೇಕಾಯಿತು. ಕೆಳಗೆ ವಾಲಗದವರು ತಾಳ ತಪ್ಪಿ, ಒಬ್ಬರನ್ನೊಬ್ಬರು ಬೈದುಕೊಂಡು ಮತ್ತೆ ಶುರುಮಾಡಿದರು. ಸಾಲಿನ ತುದಿಯ ಬಾಗಿಲಿಗೆ ಬಂದಾಗ, ಇಷ್ಟೆಲ್ಲ ಆದರೂ ಅಕ್ಕ ತನ್ನನ್ನು ಕರೆಯಲೇ ಇಲ್ಲವಲ್ಲ ಎಂಬುದು ಅವನಿಗೆ ಹೊಳೆಯಿತು. ಈ ವಿಷಯವನ್ನು ಮದುವೆ ಮುಗಿದ ಮೇಲೆ ಅವಳ ಬಳಿ ಸರಿಯಾಗಿ ವಿಚಾರಿಸಬೇಕು ಎಂದುಕೊಂಡು, ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಾಗಿಲು ತಟ್ಟಿದ.